ಸೆಕೆಂಡಿಗೆ ಎಂಟು ಸಾವಿರ ಪಾರ್ಸೆಲ್, ನಿಮಿಷಕ್ಕೆ ಅರ್ಧ ಯುವಾನ್

2024ರ ನವೆಂಬರ್ 11, ಸೋಮವಾರ. ಚೀನಾದ ಕೊರಿಯರ್ ಕಂಪನಿಗಳು ಅಂದು ಒಂದೇ ದಿನ 70.1 ಕೋಟಿ ಪಾರ್ಸೆಲ್‌ಗಳನ್ನು ಸಾಗಣೆಗೆ ತೆಗೆದುಕೊಂಡವು. ಈ ಲೆಕ್ಕ ಕೊಟ್ಟದ್ದು ಅಲ್ಲಿನ ಸರ್ಕಾರದ ಅಂಚೆ ನಿಯಂತ್ರಣ ಸಂಸ್ಥೆ. ದಿನದ 86,400 ಸೆಕೆಂಡುಗಳಿಗೆ ಹಂಚಿದರೆ ಸೆಕೆಂಡಿಗೆ 8,100ಕ್ಕೂ ಹೆಚ್ಚು. 2011ರ ಜನಗಣತಿಯಲ್ಲಿ ಕರ್ನಾಟಕದ ಜನಸಂಖ್ಯೆ 6.11 ಕೋಟಿ. ಹಸುಗೂಸಿನಿಂದ ಹಿಡಿದು ಹಣ್ಣುಹಣ್ಣು ಮುದುಕರವರೆಗೆ ಅಷ್ಟೂ ಮಂದಿಯ ಕೈಗೆ ತಲಾ ಹನ್ನೊಂದು ಪಾರ್ಸೆಲ್ ಕೊಟ್ಟರೂ ಇನ್ನೂ ಎರಡೂಮುಕ್ಕಾಲು ಕೋಟಿಗೂ ಹೆಚ್ಚು ಮಿಕ್ಕುತ್ತವೆ. ಒಂದೊಂದೂ ಅಡಿ ಉದ್ದವೆಂದುಕೊಂಡು ಸಾಲಾಗಿ ಜೋಡಿಸಿದರೆ ಆ ಸಾಲು ಭೂಮಿಯನ್ನು ಐದು ಸುತ್ತು ಸುತ್ತಿ ಮುಂದೆ ಹೋಗುತ್ತದೆ.

ಇದು ಒಂದು ದಿನದ ಮಾತು. ಅಕ್ಟೋಬರ್ 21ರಿಂದ ನವೆಂಬರ್ 11ರವರೆಗಿನ 22 ದಿನಗಳ ಮಾರಾಟದ ಹಬ್ಬದಲ್ಲಿ ಸಾಗಿದ್ದು ಸುಮಾರು 1,278 ಕೋಟಿ ಪಾರ್ಸೆಲ್. ಭೂಮಿಯ ಮೇಲಿರುವ ಮನುಷ್ಯರ ಒಟ್ಟು ಸಂಖ್ಯೆಯ ಒಂದೂವರೆ ಪಟ್ಟಿಗೂ ಮಿಗಿಲು.

ಈ ಹಬ್ಬ ಪಂಚಾಂಗದಲ್ಲಿಲ್ಲ. ಹನ್ನೊಂದನೆಯ ತಿಂಗಳ ಹನ್ನೊಂದನೆಯ ತಾರೀಖಿನಲ್ಲಿ ನಾಲ್ಕು ಒಂದುಗಳು ಒಂಟಿಯಾಗಿ ನಿಂತಿವೆಯೆಂದು ಚೀನಾದ ವಿದ್ಯಾರ್ಥಿಗಳು ಅದನ್ನು ಮದುವೆಯಾಗದವರ ದಿನವೆಂದು ಆಚರಿಸುತ್ತಿದ್ದರು. 2009ರಲ್ಲಿ ಆನ್‌ಲೈನ್ ಮಾರಾಟದ ಅಲಿಬಾಬಾ ಕಂಪನಿ ಆ ದಿನವನ್ನು ರಿಯಾಯಿತಿ ಮಾರಾಟಕ್ಕೆ ಹಿಡಿದುಕೊಂಡಿತು. ಮೊದಲ ವರ್ಷ ಸೇರಿದ್ದು 27 ಬ್ರ್ಯಾಂಡ್‌ಗಳು, ಆದ ವ್ಯಾಪಾರ 5.2 ಕೋಟಿ ಯುವಾನ್. 2021ರ ಹೊತ್ತಿಗೆ ಮಾರಾಟ ಹಲವು ದಿನಗಳಿಗೆ ಹಿಗ್ಗಿ, ಅದೇ ಕಂಪನಿ ಹೇಳಿಕೊಂಡ ಮೊತ್ತ 54,030 ಕೋಟಿ ಯುವಾನ್ ಆಗಿತ್ತು. ಹನ್ನೆರಡು ವರ್ಷಗಳಲ್ಲಿ ಹತ್ತು ಸಾವಿರ ಪಟ್ಟು! ಮರುವರ್ಷದಿಂದ ಕಂಪನಿ ಒಟ್ಟು ಮೊತ್ತವನ್ನು ಪ್ರಕಟಿಸುವುದನ್ನೇ ನಿಲ್ಲಿಸಿತು.

ಬೆಳೆದ ವೇಗವನ್ನು ಇನ್ನೊಂದು ಕಡೆಯಿಂದಲೂ ಅಳೆಯಬಹುದು. 2010ರಲ್ಲಿ ಇಡೀ ಚೀನಾ ವರ್ಷಪೂರ್ತಿ ಸಾಗಿಸಿದ ಪಾರ್ಸೆಲ್ 234 ಕೋಟಿ. 2024ರ ಹಬ್ಬದ ದಿನಗಳಲ್ಲಿ ಅಷ್ಟನ್ನು ಸಾಗಿಸಲು ಬೇಕಾದದ್ದು ನಾಲ್ಕೇ ದಿನ. ವರ್ಷದ ಲೆಕ್ಕ 2014ರಲ್ಲಿ ಸುಮಾರು 1,400 ಕೋಟಿಗೆ, 2021ರಲ್ಲಿ 10,830 ಕೋಟಿಗೆ, 2024ರಲ್ಲಿ ಸುಮಾರು 17,500 ಕೋಟಿಗೆ ಏರಿತು. ಹಬ್ಬವಿರಲಿ ಇಲ್ಲದಿರಲಿ, ಈಗ ಚೀನಾದಲ್ಲಿ ವರ್ಷಕ್ಕೆ ತಲಾ 120ಕ್ಕೂ ಹೆಚ್ಚು ಪಾರ್ಸೆಲ್. ಅಂದರೆ ಮೂರು ದಿನಕ್ಕೊಮ್ಮೆ ಪ್ರತಿಯೊಬ್ಬರಿಗೂ ಒಂದು.

ಒಂದು ಅಂಕಿ ಮಾತ್ರ ಕೆಳಗಿಳಿಯುತ್ತಲೇ ಬಂತು. 2010ರಲ್ಲಿ ಒಂದು ಪಾರ್ಸೆಲ್‌ನಿಂದ ಕೊರಿಯರ್ ಉದ್ಯಮಕ್ಕೆ ಸಿಗುತ್ತಿದ್ದ ಸರಾಸರಿ ಆದಾಯ 24 ಯುವಾನ್‌ಗೂ ಹೆಚ್ಚು. 2024ರಲ್ಲಿ 8 ಯುವಾನ್. ಹದಿನಾಲ್ಕು ವರ್ಷಗಳಲ್ಲಿ ಅಕ್ಕಿ, ಬಾಡಿಗೆ, ಮಕ್ಕಳ ಶಾಲೆಯ ಶುಲ್ಕ ಏರಿದವು. ಪಾರ್ಸೆಲ್ ಸಾಗಿಸುವ ಬೆಲೆ ಮೂರನೇ ಒಂದಕ್ಕೆ ಇಳಿಯಿತು.

ಇಷ್ಟನ್ನೂ ಹೊರುವವರು ಯಾರು? ಚೀನಾದಲ್ಲಿ ಕೊರಿಯರ್ ಕೆಲಸಗಾರರು 40 ಲಕ್ಷಕ್ಕೂ ಹೆಚ್ಚು. ಹಬ್ಬದ ದಿನಗಳ ಸರಾಸರಿಯನ್ನು 40 ಲಕ್ಷ ಮಂದಿಗೆ ಸಮನಾಗಿ ಹಂಚಿದರೆ ಒಬ್ಬರಿಗೆ ದಿನಕ್ಕೆ 145. ವಾಸ್ತವದಲ್ಲಿ ಅದು ಸಮನಾಗಿ ಹಂಚಿಕೆಯಾಗುವುದಿಲ್ಲ. ಹಳ್ಳಿಗಾಡಿನ ಕೆಲಸಗಾರನ ಪಾಲಿಗೆ ಕಡಿಮೆ ಪಾರ್ಸೆಲ್, ಹೆಚ್ಚು ದೂರ. ಗಿಜಿಗುಡುವ ಅಪಾರ್ಟ್‌ಮೆಂಟುಗಳ ಪ್ರದೇಶದಲ್ಲಿ ಎಣಿಕೆ ಇದರ ಇಮ್ಮಡಿಯಾದರೂ ಅಚ್ಚರಿಯಿಲ್ಲ. ನಾವು ಕಾಣಬೇಕಾದ ಮನುಷ್ಯ ಈ 145ರ ಒಳಗಿದ್ದಾನೆ.

ಅವನ ದಿನವನ್ನು ಒಳಗಿನಿಂದಲೇ ಎಣಿಸಿಟ್ಟವರು ಹು ಆನ್ಯಾನ್. ಗುವಾಂಗ್‌ಝೌನಲ್ಲಿ 1979ರಲ್ಲಿ ಹುಟ್ಟಿದ ಇವರು ಬದುಕಿನಲ್ಲಿ ಹತ್ತೊಂಬತ್ತು ಕೆಲಸಗಳನ್ನು ಮಾಡಿದವರು. 2018ರ ಸುಮಾರಿಗೆ ಬೀಜಿಂಗ್‌ನಲ್ಲಿ ಮನೆಮನೆಗೆ ಪಾರ್ಸೆಲ್ ಹಂಚುತ್ತಿದ್ದರು. ಆ ಅನುಭವವನ್ನು ಬರೆದ ಅವರ ಪುಸ್ತಕ 2023ರಲ್ಲಿ ಬಂದು ಚೀನಾದಲ್ಲಿ ಮನೆಮಾತಾಯಿತು. ಅದರಲ್ಲೊಂದು ಲೆಕ್ಕವಿದೆ, ಅದನ್ನು ಓದಿದ ಮೇಲೆ ಬಾಗಿಲಲ್ಲಿ ನಿಂತ ಡೆಲಿವರಿಯವರನ್ನು ಕಾಯಿಸಲು ಮನಸ್ಸು ಬರುವುದಿಲ್ಲ.

ತಿಂಗಳಿಗೆ 7,000 ಯುವಾನ್ ದುಡಿಯಬೇಕು, ಕೆಲಸದ ದಿನ 26. ಹಾಗಾದರೆ ದಿನಕ್ಕೆ 270 ಯುವಾನ್. ದುಡಿಮೆ ಹನ್ನೊಂದು ಗಂಟೆ. ಅದರಲ್ಲಿ ಎರಡು ಗಂಟೆ ಲೋಡು ಇಳಿಸಿ, ವಿಂಗಡಿಸಿ, ಗಾಡಿಗೆ ತುಂಬಿ, ತನ್ನ ಪ್ರದೇಶಕ್ಕೆ ಹೋಗಿ ಬರುವುದರಲ್ಲೇ ಕಳೆಯುತ್ತದೆ. ಉಳಿದ ಒಂಬತ್ತು ಗಂಟೆಯಲ್ಲಿ 270 ಹುಟ್ಟಬೇಕೆಂದರೆ ಗಂಟೆಗೆ 30, ನಿಮಿಷಕ್ಕೆ ಅರ್ಧ ಯುವಾನ್. ಆಗಿನ ದರದಲ್ಲಿ ಒಂದು ಯುವಾನ್ ನಮ್ಮ ಸುಮಾರು ಹತ್ತು ರೂಪಾಯಿ. ಒಂದು ಪಾರ್ಸೆಲ್‌ಗೆ ಸರಾಸರಿ ಎರಡು ಯುವಾನ್ ಸಿಗುವುದರಿಂದ ನಾಲ್ಕು ನಿಮಿಷಕ್ಕೊಂದು ಮುಟ್ಟಿಸಲೇಬೇಕು. ಲಿಫ್ಟಿಗೆ ಕಾಯುವುದು, ತಪ್ಪು ವಿಳಾಸ, ಬಾಗಿಲು ತೆರೆಯದ ಮನೆ, ತಳ್ಳಾಡಿಸುವ ಸೆಕ್ಯುರಿಟಿಯವರು, ಎಲ್ಲವೂ ಆ ನಾಲ್ಕು ನಿಮಿಷದೊಳಗೇ ಮುಗಿಯಬೇಕು.

ಇಲ್ಲಿಂದ ಮುಂದೆ ಪ್ರತಿಯೊಂದಕ್ಕೂ ಬೆಲೆ ಬೀಳುತ್ತದೆ. ಮೂತ್ರ ಮಾಡಿ ಬರಲು ಎರಡು ನಿಮಿಷ, ಅದಕ್ಕೆ ಒಂದು ಯುವಾನ್. ಮಧ್ಯಾಹ್ನದ ಊಟಕ್ಕೆ ಇಪ್ಪತ್ತು ನಿಮಿಷ. ಹೊತ್ತಿನ ಬೆಲೆ ಹತ್ತು ಯುವಾನ್, ಊಟದ ಬೆಲೆ ಹದಿನೈದು, ಕೂಡಿದರೆ ಇಪ್ಪತ್ತೈದು. ಹು ಆನ್ಯಾನ್ ಹಲವು ದಿನ ಮಧ್ಯಾಹ್ನದ ಊಟವನ್ನೇ ಬಿಟ್ಟರು. ಶೌಚಕ್ಕೆ ಹೋಗುವುದು ತಪ್ಪಲೆಂದು ಬೆಳಗ್ಗೆ ನೀರು ಕುಡಿಯುವುದನ್ನೂ ಕಡಿಮೆ ಮಾಡಿದರು. ಅವರ ತಲೆಯ ಮೇಲೆ ಯಾರೂ ನಿಂತಿರಲಿಲ್ಲ, ಉಣ್ಣಬೇಡವೆಂದು ಯಾರೂ ಹೇಳಿರಲಿಲ್ಲ. ಕೂಲಿಯ ದರವೇ ಅದನ್ನು ಹೇಳುತ್ತಿತ್ತು.

ಇದು ಕಂಪನಿ ನೇರವಾಗಿ ನೇಮಿಸಿಕೊಂಡು, ತುಸು ಒಳ್ಳೆಯ ದರ ಕೊಡುತ್ತಿದ್ದ ಕಡೆಯ ಮಾತು. ಚೀನಾದ ಹೆಚ್ಚಿನ ಪಾರ್ಸೆಲ್‌ಗಳು ಹರಿಯುವ ಫ್ರಾಂಚೈಸಿ ಕಂಪನಿಗಳಲ್ಲಿ ಮನೆಗೆ ಮುಟ್ಟಿಸುವ ಕೂಲಿ ಒಂದು ಯುವಾನ್ ಆಸುಪಾಸು. ಅಲ್ಲಿ ನಾಲ್ಕು ನಿಮಿಷ ಎರಡಾಗುತ್ತದೆ.

ಹಬ್ಬದ ಸೀಸನ್‌ನಲ್ಲಿ ಒಳ್ಳೆ ಸಂಪಾದನೆಯಲ್ಲವೇ ಎಂದು ಕೇಳುವವರಿದ್ದಾರೆ. ಪೀಸ್ ಲೆಕ್ಕದ ಕೂಲಿಯಲ್ಲಿ ಕೆಲಸ ಹೆಚ್ಚಿದರೆ ಹಣ ಹೆಚ್ಚುವುದು ನಿಜ. ಆದರೆ ನೂರನೆಯ ಪಾರ್ಸೆಲ್‌ಗೂ ಮುನ್ನೂರನೆಯ ಪಾರ್ಸೆಲ್‌ಗೂ ಅದೇ ದರ. ಮುನ್ನೂರನೆಯದನ್ನು ಹೊರುವ ಬೆನ್ನು ಮಾತ್ರ ಬೆಳಗಿನ ಬೆನ್ನಲ್ಲ. 1995ರಿಂದ ಜಾರಿಯಲ್ಲಿರುವ ಚೀನಾದ ಕಾರ್ಮಿಕ ಕಾಯ್ದೆಯಲ್ಲಿ ಇದಕ್ಕೆ ಉತ್ತರವಿದೆ. ದಿನಕ್ಕೆ ಎಂಟು ಗಂಟೆ, ವಾರಕ್ಕೆ ಸರಾಸರಿ 44 ಗಂಟೆ ಮೀರಬಾರದು. ಹೆಚ್ಚುವರಿ ದುಡಿಮೆ ತಿಂಗಳಿಗೆ 36 ಗಂಟೆ ದಾಟಬಾರದು, ಅದಕ್ಕೆ ಕನಿಷ್ಠ ಒಂದೂವರೆ ಪಟ್ಟು ಸಂಬಳ. ಪೀಸ್ ಲೆಕ್ಕದ ಕೆಲಸಕ್ಕೂ ಈ ಗಂಟೆಗಳನ್ನು ಆಧರಿಸಿಯೇ ದರ ಮತ್ತು ಪ್ರಮಾಣ ಗೊತ್ತುಮಾಡಬೇಕು.

ಹು ಆನ್ಯಾನ್ ಅವರ ತಿಂಗಳನ್ನು ಈ ಕಾಯ್ದೆಯ ಪಕ್ಕದಲ್ಲಿಡಿ. ಹನ್ನೊಂದು ಗಂಟೆ, 26 ದಿನ: 286 ಗಂಟೆ. ವಾರಕ್ಕೆ 44ರಂತೆ ತಿಂಗಳಿಗೆ ಆಗುವುದು ಸುಮಾರು 190. ಮಿತಿಗಿಂತ ಹೆಚ್ಚಾದದ್ದು 95 ಗಂಟೆ. ಕಾಯ್ದೆ ಒಪ್ಪುವ ಹೆಚ್ಚುವರಿ 36. ಇದು ಹಬ್ಬವಿಲ್ಲದ ಸಾಮಾನ್ಯ ತಿಂಗಳ ಲೆಕ್ಕ ಎಂಬುದನ್ನು ಮರೆಯಬಾರದು.

ಗಿರಾಕಿಗೆ ಅನುಕೂಲ ಮಾಡುವ ನಿಯಮ ಬಂದಾಗಲೂ ಈ ಗಡಿಯಾರವೇ ಅಡ್ಡ ನಿಲ್ಲುತ್ತದೆ. 2024ರ ಮಾರ್ಚ್ 1ರಿಂದ ಗಿರಾಕಿಯ ಒಪ್ಪಿಗೆಯಿಲ್ಲದೆ ಪಾರ್ಸೆಲ್ಲನ್ನು ಲಾಕರಿನಲ್ಲೋ ಅಂಗಡಿಯಲ್ಲೋ ಇಟ್ಟುಹೋಗುವಂತಿಲ್ಲ. ಕೇಳುವವರಿಗೆ ಇದು ನ್ಯಾಯವೇ. ಆದರೆ ಒಪ್ಪಿಗೆ ಕೇಳಲು ಫೋನ್ ಮಾಡಬೇಕು. ಒಂದು ಕರೆಗೆ ಒಂದೇ ನಿಮಿಷವೆಂದರೂ 145 ಪಾರ್ಸೆಲ್‌ಗೆ ಎರಡು ಗಂಟೆ 25 ನಿಮಿಷ. ಆ ನಿಮಿಷಗಳಿಗೆ ದರಪಟ್ಟಿಯಲ್ಲಿ ಸಾಲೇ ಇಲ್ಲದಿದ್ದರೆ ಹೊಸ ಸೌಲಭ್ಯದ ಖರ್ಚು ಪೂರ್ತಿ ಬೀಳುವುದು ಗಾಡಿ ಓಡಿಸುವವನ ಮೇಲೆ.

ದರ ಇಷ್ಟು ಕೆಳಗೆ ಬಂದದ್ದು ಹೇಗೆ? ಚೀನಾದ ದೊಡ್ಡ ಖಾಸಗಿ ಕೊರಿಯರ್ ಕಂಪನಿಗಳಲ್ಲಿ ನಾಲ್ಕು, ಶೆಂಟೋಂಗ್, ಯುವಾನ್‌ಟೋಂಗ್, ಝೋಂಗ್‌ಟೋಂಗ್ ಮತ್ತು ಯುಂಡಾ, ಝೆಜಿಯಾಂಗ್ ಪ್ರಾಂತ್ಯದ ಟೋಂಗ್‌ಲು ಎಂಬ ಒಂದೇ ಗುಡ್ಡಗಾಡು ತಾಲ್ಲೂಕಿನವರು ಕಟ್ಟಿದವು. ಶುರುವಾದದ್ದು 1993ರಲ್ಲಿ. ಹಾಂಗ್‌ಝೌನಿಂದ ಶಾಂಘೈಗೆ ಕಸ್ಟಮ್ಸ್ ಕಾಗದಗಳನ್ನು ರೈಲಿನಲ್ಲಿ ರಾತ್ರೋರಾತ್ರಿ ಒಯ್ಯುವುದೇ ಮೊದಲ ಕಸುಬು. ಊರೂರಿಗೆ ಶಾಖೆಗಳನ್ನು ಗುತ್ತಿಗೆ ಕೊಟ್ಟು ಇವು ಬೆಳೆದವು. ಅಂಗಿಯ ಮೇಲೆ ಕಂಪನಿಯ ಹೆಸರು, ಕೂಲಿ ಕೊಡುವವನು ಮಾತ್ರ ಸ್ಥಳೀಯ ಗುತ್ತಿಗೆದಾರ. ಸೇವೆಯೂ ಒಂದೇ, ಊರೂ ಒಂದೇ. ಹೀಗಾಗಿ ಪೈಪೋಟಿಗೆ ಉಳಿದ ದಾರಿ ಬೆಲೆಯೊಂದೇ. 2020–21ರಲ್ಲಿ ಸಗಟು ಮಾರುಕಟ್ಟೆಯ ಊರಾದ ಯಿವುನಿಂದ ದೇಶದ ಬಹುಭಾಗಕ್ಕೆ ಒಂದು ಯುವಾನ್‌ಗಿಂತ ಕಡಿಮೆ ದರದಲ್ಲಿ ಪಾರ್ಸೆಲ್ ಹೋಗುತ್ತಿತ್ತು. ಸಾವಿರಾರು ಕಿಲೋಮೀಟರಿನ ಲಾರಿ, ವಿಂಗಡಣೆ, ಬಾಗಿಲವರೆಗಿನ ನಡಿಗೆ, ಎಲ್ಲವೂ ಅದರಲ್ಲೇ. 2021ರ ಏಪ್ರಿಲ್‌ನಲ್ಲಿ ಯಿವುನ ಅಂಚೆ ಅಧಿಕಾರಿಗಳೇ ಮಧ್ಯೆ ಬಂದು, ಅತಿ ಕಡಿಮೆ ದರದಲ್ಲಿ ಸಾಗಿಸುತ್ತಿದ್ದ ಎರಡು ಕಂಪನಿಗಳ ಕೆಲವು ವಿಂಗಡಣಾ ಕೇಂದ್ರಗಳನ್ನು ನಿಲ್ಲಿಸಿದರು. ಅದೇ ವರ್ಷದ ನಡುವಿನಲ್ಲಿ ಕೇಂದ್ರದ ಏಳು ಇಲಾಖೆಗಳು ಸೇರಿ ಕೊರಿಯರ್ ಕೆಲಸಗಾರರಿಗಾಗಿ ಮಾರ್ಗಸೂಚಿ ಹೊರಡಿಸಿದವು. ಕೂಲಿಯ ದರಕ್ಕೊಂದು ಲೆಕ್ಕಾಚಾರವಿರಲಿ, ಮೇಲ್ವಿಚಾರಣೆಯ ಬದಲು ದಂಡ ಹಾಕುವ ಪದ್ಧತಿ ನಿಲ್ಲಲಿ, ಸಣ್ಣ ಶಾಖೆಗಳವರಿಗೂ ಅಪಘಾತ ವಿಮೆ ಸಿಗಲಿ ಎಂಬುದು ಅದರ ತಿರುಳು.

ಆಮೇಲೆ ಬಂದದ್ದು ಈ ಇಡೀ ಕಥೆಯಲ್ಲಿ ಅತ್ಯಂತ ಸಣ್ಣ ಅಂಕಿ. 2021ರ ಸೆಪ್ಟೆಂಬರ್ 1ರಿಂದ ಪ್ರಮುಖ ಕಂಪನಿಗಳು ಮನೆಗೆ ಮುಟ್ಟಿಸುವ ಕೂಲಿಯನ್ನು ಪಾರ್ಸೆಲ್‌ಗೆ 0.1 ಯುವಾನ್ ಏರಿಸುವುದಾಗಿ ಸಾರಿದವು. ನಮ್ಮ ಒಂದು ರೂಪಾಯಿ ಚಿಲ್ಲರೆ. ನೆಲಕ್ಕೆ ಬಿದ್ದರೂ ಗಿರಾಕಿ ಬಗ್ಗಿ ಎತ್ತಿಕೊಳ್ಳದಷ್ಟು.

ಅದನ್ನು ಗುಣಿಸಿ ನೋಡೋಣ. ಆ ವರ್ಷದ 10,830 ಕೋಟಿ ಪಾರ್ಸೆಲ್‌ಗಳಿಗೂ ಅದು ಅನ್ವಯಿಸಿದ್ದರೆ ವರ್ಷಕ್ಕೆ 1,083 ಕೋಟಿ ಯುವಾನ್. ಸುಮಾರು 12,000 ಕೋಟಿ ರೂಪಾಯಿ. ಒಬ್ಬ ಕೆಲಸಗಾರನ ಕಡೆಯಿಂದ ನೋಡಿದರೆ ದಿನಕ್ಕೆ 145 ಪಾರ್ಸೆಲ್, ಹದಿನಾಲ್ಕೂವರೆ ಯುವಾನ್. ಹು ಆನ್ಯಾನ್ ಬಿಟ್ಟುಬಿಡುತ್ತಿದ್ದ ಊಟದ ಬೆಲೆ ಹದಿನೈದು. ಕೊಳ್ಳುವವರ ಕಣ್ಣಿಗೂ ಬೀಳದ ಆ ಚಿಲ್ಲರೆ ಒಬ್ಬ ದುಡಿಯುವವನ ಮಧ್ಯಾಹ್ನದ ಅನ್ನಕ್ಕೆ ಹೆಚ್ಚುಕಡಿಮೆ ಸರಿಹೊಂದುತ್ತದೆ.

ಇನ್ನೊಂದು ಗುಣಾಕಾರವೂ ಇದೆ. 2021ರಲ್ಲಿ ಪಾರ್ಸೆಲ್‌ನ ಸರಾಸರಿ ಆದಾಯ 9.5 ಯುವಾನ್, 2024ರಲ್ಲಿ 8. ಕೂಲಿಗೆ ಸೇರಿದ್ದು ಹತ್ತನೇ ಒಂದು ಯುವಾನ್. ಅದರ ಹದಿನೈದು ಪಟ್ಟು ಮೂರೇ ವರ್ಷಗಳಲ್ಲಿ ಬೆಲೆಯಿಂದ ಕರಗಿತು. ಸುಮಾರು 17,500 ಕೋಟಿ ಪಾರ್ಸೆಲ್‌ಗಳಿಗೆ ಆ ಒಂದೂವರೆ ಯುವಾನ್ ಎಂದರೆ ವರ್ಷಕ್ಕೆ ಸುಮಾರು ಮೂರು ಲಕ್ಷ ಕೋಟಿ ರೂಪಾಯಿ. 2024–25ರ ಕರ್ನಾಟಕದ ಇಡೀ ಬಜೆಟ್ಟಿನ ಗಾತ್ರ 3.71 ಲಕ್ಷ ಕೋಟಿ. ಯಂತ್ರಗಳು ವಿಂಗಡಣೆಯನ್ನು ಅಗ್ಗವಾಗಿಸಿವೆ, ಪಾರ್ಸೆಲ್‌ಗಳು ಹಗುರವಾಗಿವೆ. ಈ ಇಳಿಕೆಯೆಲ್ಲವೂ ಕೆಲಸಗಾರರ ಜೇಬಿನಿಂದ ಹೋದದ್ದಲ್ಲ. ಆದರೂ ಯಂತ್ರ ಉಳಿಸಿಕೊಟ್ಟದ್ದರಲ್ಲಿ ಒಂದು ಸಣ್ಣ ಪಾಲು ಮೆಟ್ಟಿಲು ಹತ್ತುವವನಿಗೆ ಬಂದಿದ್ದರೂ ಅವನ ನಾಲ್ಕು ನಿಮಿಷ ಐದಾಗುತ್ತಿತ್ತು.

ಈ ಲೆಕ್ಕ ನಮಗೆ ದೂರದ್ದಲ್ಲ. ನೀತಿ ಆಯೋಗದ 2022ರ ವರದಿಯ ಪ್ರಕಾರ 2020–21ರಲ್ಲಿ ಭಾರತದಲ್ಲಿ ಖಾಯಂ ನೇಮಕವಿಲ್ಲದೆ ಬಿಡಿಬಿಡಿಯಾಗಿ ದುಡಿಯುವ ಗಿಗ್ ಕಾರ್ಮಿಕರು 77 ಲಕ್ಷ. 2029–30ಕ್ಕೆ ಅವರು 2.35 ಕೋಟಿ ಆಗುವ ಅಂದಾಜು. ದಸರೆ–ದೀಪಾವಳಿಯ ಆನ್‌ಲೈನ್ ಮಾರಾಟ ನಿಂತಿರುವುದು ಇವರ ಬೈಕುಗಳ ಮೇಲೆ. ಕರ್ನಾಟಕ 2025ರಲ್ಲಿ ಇವರಿಗಾಗಿ ಒಂದು ಕಾಯ್ದೆ ತಂದಿತು. ಕೆಲಸಗಾರನಿಗೆ ಕೊಡುವ ಪ್ರತಿ ಪಾವತಿಯ ಮೇಲೆ ಶೇ. 1ರಿಂದ 5ರವರೆಗೆ ಕಲ್ಯಾಣ ಶುಲ್ಕವನ್ನು ಕಂಪನಿ ಕಟ್ಟಬೇಕು. ಕಾರಣ ತಿಳಿಸಿ, 14 ದಿನದ ನೋಟಿಸ್ ಕೊಡದೆ ಕೆಲಸದಿಂದ ತೆಗೆಯುವಂತಿಲ್ಲ. ಒಂದು ಡೆಲಿವರಿಗೆ ಇಪ್ಪತ್ತು ರೂಪಾಯಿ ಸಿಕ್ಕಿದರೆ ಶೇ. 1 ಎಂದರೆ ಇಪ್ಪತ್ತು ಪೈಸೆ, ಶೇ. 5 ಎಂದರೆ ಒಂದು ರೂಪಾಯಿ. ಹನಿಗೂಡಿದರೆ ಹಳ್ಳ ಎನ್ನುವ ನಮ್ಮ ಹಿರಿಯರ ಮಾತು ಇಷ್ಟು ಅಕ್ಷರಶಃ ನಿಜವಾಗುವ ಜಾಗ ಇನ್ನೊಂದಿಲ್ಲ: ಒಂದು ಕೋಟಿ ಡೆಲಿವರಿಗೆ ಅದು 20 ಲಕ್ಷದಿಂದ ಒಂದು ಕೋಟಿ ರೂಪಾಯಿ. ಆದರೆ ಈ ಹಣ ವಿಮೆಗೆ, ಅಪಘಾತಕ್ಕೆ, ಕಷ್ಟಕಾಲಕ್ಕೆ. ಡೆಲಿವರಿಯ ದರವೆಷ್ಟಿರಬೇಕು, ಅದರಲ್ಲಿ ಊಟದ ಹೊತ್ತು ಸೇರಿರಬೇಕೇ ಎಂಬ ಪ್ರಶ್ನೆ ಇನ್ನೂ ಹಾಗೇ ಇದೆ.

ಉತ್ತರ ಕಷ್ಟವಲ್ಲ. ದರ ಗೊತ್ತುಮಾಡುವಾಗ ಮೊದಲು ಗಂಟೆಗಳನ್ನು ಬರೆದುಕೊಳ್ಳಬೇಕು. ಲೋಡು ತುಂಬುವ ಹೊತ್ತು, ಫೋನಿನ ಹೊತ್ತು, ಊಟದ ಹೊತ್ತು, ಶೌಚದ ಹೊತ್ತು ಎಲ್ಲವನ್ನೂ ಕಳೆದು ಉಳಿದ ಸಮಯದಲ್ಲಿ ಎಷ್ಟು ಬಾಗಿಲು ಮುಟ್ಟಬಹುದೋ ಅಷ್ಟರಲ್ಲೇ ಒಂದು ಸಂಸಾರದ ಸಂಬಳ ಹುಟ್ಟುವಂತೆ ದರ ನಿಲ್ಲಬೇಕು. ಹಬ್ಬದ ಸೀಸನ್‌ನಲ್ಲಿ ಎಂಟು ಗಂಟೆ ದಾಟಿದ ಮೇಲಿನ ಪ್ರತಿ ಪಾರ್ಸೆಲ್‌ಗೆ ಒಂದೂವರೆ ಪಟ್ಟು ಕೊಡಬೇಕು. ಹೀಗೆ ಮಾಡಿದರೆ ನಮಗೆ ತಗಲುವ ಹೆಚ್ಚುವರಿ ಖರ್ಚು ಪಾರ್ಸೆಲ್‌ಗೆ ಕೆಲವೇ ರೂಪಾಯಿ. ಸೆಕೆಂಡಿಗೆ ಎಂಟು ಸಾವಿರ ಪಾರ್ಸೆಲ್ ಎಣಿಸಬಲ್ಲ ವ್ಯವಸ್ಥೆಗೆ ಒಬ್ಬ ಮನುಷ್ಯನ ಇಪ್ಪತ್ತು ನಿಮಿಷದ ಊಟವನ್ನು ಎಣಿಸಲು ಬರುತ್ತದೆ. ಎಣಿಸಲೇಬೇಕೆಂದು ಕಂಪನಿಗಳನ್ನು ಕೇಳುವುದು ಸರ್ಕಾರದ ಕೆಲಸ. ಆ ಸರ್ಕಾರವನ್ನು ಕೇಳುವುದು, ಪಾರ್ಸೆಲ್ ತರಿಸಿಕೊಳ್ಳುವ ನಮ್ಮೆಲ್ಲರ ಕೆಲಸ.