ಆವೇಶ ಮತ್ತು ವಿವೇಕ: ರೋಮನ್ ಕಾವ್ಯವನ್ನು ತರಗತಿಯಲ್ಲಿ ಓದುವ ಒಂದು ಕ್ರಮ

ಪ್ರಾಚೀನ ರೋಮನ್ ಸಾಹಿತ್ಯವನ್ನು ಪರಿಚಯಿಸುವಾಗ ಕಪ್ಪುಹಲಗೆಯ ಮೇಲೆ ಎರಡು ಕಾಲಂ ಎಳೆದು, ಒಂದರಲ್ಲಿ ‘ಆವೇಶ: ಡೈಡೊ’, ಇನ್ನೊಂದರಲ್ಲಿ ‘ವಿವೇಕ: ಈನಿಯಸ್’ ಎಂದು ಬರೆಯುವುದು ಸುಲಭ. ನೆನಪಿನಲ್ಲಿಯೂ ಉಳಿಯುತ್ತದೆ. ಆದರೆ ಈ ಕೋಷ್ಟಕ ಕಾವ್ಯಕ್ಕೆ ಹೊಂದುವುದಿಲ್ಲ. ಜೊತೆಗೆ ಹೆಣ್ಣು ಎಂದರೆ ಆವೇಶ, ಗಂಡು ಎಂದರೆ ವಿವೇಕ ಎಂಬ ಪಾಠವನ್ನೂ ಹೇಳದೆಯೇ ಕಲಿಸುತ್ತದೆ. ಅದರ ಬದಲು ಏನು ಮಾಡಬಹುದೆಂದು ಇಲ್ಲಿ ವಿವರಿಸುತ್ತೇನೆ.

ವರ್ಜಿಲ್ (ಕ್ರಿ.ಪೂ. 70–19) ಬರೆದ ‘ಈನಿಯಡ್’ 12 ಸರ್ಗಗಳ ಮಹಾಕಾವ್ಯ. 4ನೇ ಸರ್ಗದ ಆರಂಭದಲ್ಲಿ ಕಾರ್ಥೇಜಿನ ರಾಣಿ ಡೈಡೊ ತನ್ನ ಮೃತ ಪತಿಗೆ ನಿಷ್ಠಳಾಗಿರಬೇಕೆಂಬ ಸಂಕಲ್ಪಕ್ಕೂ ಈನಿಯಸ್‌ನ ಮೇಲಿನ ಪ್ರೇಮಕ್ಕೂ ನಡುವೆ ತೊಳಲಾಡುತ್ತಾಳೆ. ಆಗ ಸೋದರಿ ಆನ್ನಾ, ಸುತ್ತಲೂ ಶತ್ರುಗಳಿರುವಾಗ ಈ ಮದುವೆಯಿಂದ ನಗರಕ್ಕೆ ಬಲ ಬರುತ್ತದೆ ಎಂದು ವಾದಿಸುತ್ತಾಳೆ. ಅಂದರೆ ಆವೇಶಕ್ಕೆ ಬಾಗಿಲು ತೆರೆದದ್ದು ರಾಜಕೀಯ ತರ್ಕವೇ. ಅನಂತರ ಕೋಟೆ ಕಟ್ಟುವ ಕೆಲಸ ನಿಂತುಹೋಗುತ್ತದೆ. ದೇವದೂತನ ಆಜ್ಞೆಯಂತೆ ಈನಿಯಸ್ ಹೊರಟಾಗ ಅವನಲ್ಲಿ ಪ್ರೇಮ ಬತ್ತಿರುವುದಿಲ್ಲ, ಅದನ್ನು ಅದುಮಿಟ್ಟುಕೊಂಡಿರುತ್ತಾನೆ. ಅವನನ್ನು ನಡೆಸುವುದು ‘ಪಿಯೆತಾಸ್’, ಎಂದರೆ ದೇವರು, ಕುಟುಂಬ, ನಾಡುಗಳಿಗೆ ಸಲ್ಲಬೇಕಾದ ಕರ್ತವ್ಯನಿಷ್ಠೆ. ಇದು ವಿವೇಕವೇ ಎಂದು ಹೇಳಿ ಮುಗಿಸಲಾಗದು.

12ನೇ ಸರ್ಗದ ಕೊನೆಯಲ್ಲಿ ಗಾಯಗೊಂಡ ಟರ್ನಸ್ ಕರುಣೆ ಬೇಡುತ್ತಾನೆ. ಈನಿಯಸ್ ಒಂದು ಕ್ಷಣ ತಡೆಯುತ್ತಾನೆ. ಅಷ್ಟರಲ್ಲಿ, ಹಿಂದೆ ಟರ್ನಸ್ ಕೊಂದಿದ್ದ ಯುವಕ ಪಲ್ಲಾಸ್‌ನ ಸೊಂಟಪಟ್ಟಿ ಟರ್ನಸ್‌ನ ಮೈಮೇಲೆ ಕಾಣುತ್ತದೆ. ಕೋಪದಿಂದ ಉರಿದು ಅವನನ್ನು ಇರಿಯುತ್ತಾನೆ. ಕಾವ್ಯ ಅಲ್ಲಿಗೆ ಮುಗಿಯುತ್ತದೆ. ಕರ್ತವ್ಯನಿಷ್ಠನೆನಿಸಿದ ನಾಯಕನ ಕೊನೆಯ ಕೃತ್ಯವೇ ಆವೇಶದ್ದು.

ಇದನ್ನು ಓದಲು ಸೆನೆಕಾ ನೆರವಾಗುತ್ತಾನೆ. ವರ್ಜಿಲ್‌ಗಿಂತ ಈಚಿನವನಾದ ಈ ಸ್ಟೋಯಿಕ್ ಚಿಂತಕ ಕ್ರಿ.ಶ. 65ರಲ್ಲಿ ತೀರಿಕೊಂಡ. ಕೋಪವನ್ನು ಕುರಿತ ಅವನ ಗ್ರಂಥದ ಪ್ರಕಾರ ಮೊದಲು ಮನಸ್ಸಿಗೆ ತಟ್ಟುವ ಆಘಾತ ನಮ್ಮ ಕೈಯಲ್ಲಿಲ್ಲ. ‘ನನಗೆ ಅನ್ಯಾಯವಾಗಿದೆ, ಸೇಡು ತೀರಿಸಬೇಕು’ ಎಂದು ಮನಸ್ಸು ಒಪ್ಪಿದಾಗ ಕೋಪ ಹುಟ್ಟುತ್ತದೆ. ಆಮೇಲೆ ಅದು ಹಿಡಿತಕ್ಕೆ ಸಿಗುವುದಿಲ್ಲ. ಅವನ ‘ಮೆಡೀಯಾ’ ನಾಟಕದ ನಾಯಕಿ ಮಕ್ಕಳನ್ನು ಕೊಲ್ಲುವ ಮುನ್ನ ತನ್ನೊಡನೆ ತಾನೇ ವಾದಿಸುತ್ತಾಳೆ, ಹಿಂಜರಿಯುತ್ತಾಳೆ, ಮತ್ತೆ ಮುನ್ನುಗ್ಗುತ್ತಾಳೆ. ಅಲ್ಲಿ ಬುದ್ಧಿ ಸುಮ್ಮನಿರುವುದಿಲ್ಲ. ಕೋಪದ ಪರವಾಗಿ ದುಡಿಯುತ್ತದೆ.

ಆದ್ದರಿಂದ ಪಾಠಯೋಜನೆಯಲ್ಲಿ ಪಾತ್ರಗಳ ಕಾಲಂ ಬದಲು ಮೂರು ಹಂತಗಳನ್ನು ಇಡುವಂತೆ ಪ್ರಶಿಕ್ಷಣಾರ್ಥಿಗಳಿಗೆ ನಾನು ಸೂಚಿಸುತ್ತೇನೆ: ತಟ್ಟಿದ್ದು, ಒಪ್ಪಿದ್ದು, ಮಾಡಿದ್ದು. ಡೈಡೊಗೆ ತಟ್ಟಿದ್ದು ಪ್ರೇಮ. ಒಪ್ಪಿದ್ದು ಆನ್ನಾಳ ಮಾತಿನ ಬಳಿಕ. ಈನಿಯಸ್‌ಗೆ ತಟ್ಟಿದ್ದು ಸೊಂಟಪಟ್ಟಿಯ ನೋಟ. ಅವನು ಒಪ್ಪಿದ್ದು ಯಾವಾಗ? ಆ ಕೊಲೆ ಪಲ್ಲಾಸ್‌ನಿಗೆ ಸಲ್ಲಬೇಕಾದ ಕರ್ತವ್ಯವೂ ಆಗಿರಬಹುದೇ? ಇಲ್ಲಿ ವಿದ್ಯಾರ್ಥಿಗಳಲ್ಲಿ ಭಿನ್ನಾಭಿಪ್ರಾಯ ಬರುತ್ತದೆ, ಬರಬೇಕು.

ಮೌಲ್ಯಮಾಪನದಲ್ಲಿ ‘ಗೆದ್ದದ್ದು ಯಾವುದು?’ ಎಂಬ ಪ್ರಶ್ನೆ ಬೇಡ. ‘ಮನಸ್ಸು ಒಪ್ಪಿದ ಸ್ಥಳವನ್ನು ಪಠ್ಯದಲ್ಲಿ ಗುರುತಿಸಿ, ಕಾರಣ ಕೊಡಿ’ ಎಂದು ಕೇಳಿ. ಯಾವ ಸ್ಥಳವನ್ನು ತೋರಿಸಿದರೂ ಸರಿ, ಕೊಟ್ಟ ಕಾರಣಕ್ಕೆ ಅಂಕ ಕೊಡಿ.