ಮುಳಬಾಗಿಲಿನಲ್ಲಿ ಒಂದು ಕಾಲ್ನಡಿಗೆ: ಲಕ್ಕಣ್ಣ ದಂಡೇಶನು ಆಳಿದ ನೆಲ



ಬೆಂಗಳೂರು, ಕೋಲಾರಗಳಿಂದ ಪೂರ್ವಕ್ಕೆ ಪ್ರಯಾಣ ಮಾಡುವ ನಮ್ಮಲ್ಲಿ ಬಹುಪಾಲು ಜನರಿಗೆ ಮುಳಬಾಗಿಲು ಎಂದರೆ ದೋಸೆ. ಅದರಲ್ಲಿ ತಪ್ಪೇನೂ ಇಲ್ಲ. ಹೊರಗೆ ಗರಿಗರಿಯಾಗಿ ಒಳಗೆ ಮೆತ್ತಗಿರುವ ಆ ದಪ್ಪ ದೋಸೆಯನ್ನು ನಾವೂ ಬಿಟ್ಟವರಲ್ಲ. ಆದರೆ ತಿಂಡಿ ಮುಗಿಸಿ ಕಾರು ಹತ್ತಿದರೆ ಅರ್ಧ ಗಂಟೆಯೊಳಗೆ ನಂಗಲಿ ದಾಟಿ ಆಂಧ್ರದ ಗಡಿ ಸೇರಿಬಿಡುತ್ತೇವೆ. ಊರು ಕಿಟಕಿಯಾಚೆ ಉಳಿಯುತ್ತದೆ. ಈ ಸಲ ಶ್ರೀಮಠದ ವಿದ್ಯಾರ್ಥಿನಿಲಯದ ಮಕ್ಕಳೊಡನೆ ಒಂದು ಭಾನುವಾರ ಬೆಳಗ್ಗೆಯೇ ಹೋಗಿ, ವಾಹನವನ್ನು ಒಂದೆಡೆ ನಿಲ್ಲಿಸಿ, ಊರನ್ನು ನಡೆದೇ ನೋಡಿದೆವು. ಹಾಗೆ ನೋಡಿದ್ದರಲ್ಲಿ ನಮ್ಮ ಸಮಾಜದವರು ಅವಶ್ಯವಾಗಿ ತಿಳಿಯಬೇಕಾದ ಸಂಗತಿಯೊಂದಿರುವುದರಿಂದ ಈ ಲೇಖನ.

ಮೊದಲು ಹೆಸರಿನ ವಿಚಾರ. ಮೂಡಲ ಬಾಗಿಲು, ಅಂದರೆ ಪೂರ್ವದ ಹೆಬ್ಬಾಗಿಲು ಎಂಬ ಅರ್ಥ ಎಲ್ಲರೂ ಬಲ್ಲದ್ದು. ಮೈಸೂರಿನ ಎತ್ತರದ ನೆಲದಿಂದ ತಮಿಳುಸೀಮೆಗೆ ಇಳಿಯುವ ದಾರಿ ಇಲ್ಲಿಯೇ ಹಾಯುತ್ತದೆ. ವಿಜಯನಗರ ಕಾಲದ ಶಾಸನಗಳಲ್ಲಿ ಕಾಣುವ ರೂಪ ಮುಳುವಾಯಿ. ಗಂಗಾದೇವಿಯು ತನ್ನ ‘ಮಧುರಾವಿಜಯ’ ಕಾವ್ಯದಲ್ಲಿ ಹೇಳುವ ‘ಕಂಟಕಾನನ ಪಟ್ಟಣ’ವೂ ಇದೇ ಎಂದು ವಿದ್ವಾಂಸರು ಗುರುತಿಸಿದ್ದಾರೆ, ಮುಳ್ಳುಕಾಡಿನ ಊರು ಎಂದು ಅದರರ್ಥ. ಬಾಗಿಲೋ ಮುಳ್ಳೋ ಎಂಬುದನ್ನು ತೀರ್ಮಾನಿಸುವ ಅವಸರ ನಮಗಿಲ್ಲ. ಗಂಗಾದೇವಿಯ ಪತಿ ಕುಮಾರ ಕಂಪಣನು ಬುಕ್ಕರಾಯನ ಮಗ. ಮುಳುವಾಯಿ ರಾಜ್ಯವನ್ನು ಆಳುತ್ತಿದ್ದವನು. ಕಾಂಚಿ, ಮಧುರೆಗಳ ಕಡೆಗೆ ಅವನ ಸೈನ್ಯ ಸಾಗಿದ್ದು ಈ ಮೂಡಲ ಬಾಗಿಲಿನಿಂದಲೇ.

ಈಗ ನಮಗೆ ಮುಖ್ಯವಾದ ಸಂಗತಿ. ಕಂಪಣನ ಕಾಲದಿಂದ ಅರ್ಧ ಶತಮಾನ ಮುಂದೆ ಬಂದರೆ, ಪ್ರೌಢದೇವರಾಯನ ಆಳ್ವಿಕೆಯಲ್ಲಿ ಇದೇ ಮುಳುವಾಯಿ ರಾಜ್ಯದ ಅಧಿಕಾರ ಲಕ್ಕಣ್ಣ ದಂಡೇಶನ ಕೈಯಲ್ಲಿತ್ತು. ‘ಶಿವತತ್ತ್ವ ಚಿಂತಾಮಣಿ’ಯ ಕರ್ತೃವಾದ ಅದೇ ಲಕ್ಕಣ್ಣ! ಶಿವನ ಲೀಲೆಗಳನ್ನೂ ಬಸವಣ್ಣನವರ ಚರಿತೆಯನ್ನೂ ಶರಣರ ಪರಂಪರೆಯನ್ನೂ ವಾರ್ಧಕ ಷಟ್ಪದಿಯಲ್ಲಿ ಹಾಡಿದ ಆ ಬೃಹದ್ಗ್ರಂಥವನ್ನು ನಾವು ಸ್ನಾತಕೋತ್ತರ ತರಗತಿಯಲ್ಲಿ ಪರೀಕ್ಷೆಗೆಂದು ಓದಿದೆವು. ಕವಿಯ ಕಾಲ, ಮತ, ಕೃತಿ ಎಂದು ಉತ್ತರ ಬರೆದು ಅಂಕ ಪಡೆದೆವು. ಆ ಕವಿಯು ನಮ್ಮ ಜಿಲ್ಲೆಯ ನೆಲದಲ್ಲಿ ನಡೆದಾಡಿದವನೆಂದು ಯಾರೂ ಹೇಳಲಿಲ್ಲ, ನಾವೂ ಕೇಳಲಿಲ್ಲ. ಮೂವತ್ತು ವರ್ಷಗಳ ಮೇಲೆ ಅದು ತಿಳಿದಾಗ ಸಂತೋಷಕ್ಕಿಂತ ನಾಚಿಕೆಯೇ ಹೆಚ್ಚಾಯಿತು.

ಮುಳಬಾಗಿಲಿಗೆ ಸಮೀಪದ ವಿರೂಪಾಕ್ಷಿ ಗ್ರಾಮದ ವಿರೂಪಾಕ್ಷ ದೇವಾಲಯವು ಲಕ್ಕಣ್ಣನ ಕಾಲದ್ದು, ಅವನ ಹೆಸರಿನೊಡನೆ ಬೆಸೆದುಕೊಂಡದ್ದು. ಹಂಪಿಯ ಒಡೆಯನ ಹೆಸರನ್ನೇ ರಾಜ್ಯದ ಪೂರ್ವದ ಅಂಚಿನಲ್ಲಿ ನೆಲೆಗೊಳಿಸಿದ್ದರ ಅರ್ಥವನ್ನು ಮಕ್ಕಳಿಗೆ ಹೀಗೆ ಬಿಡಿಸಿ ಹೇಳಿದೆವು: ಸಂಗಮ ವಂಶದ ಅರಸರು ತಮ್ಮ ದಾನಶಾಸನಗಳ ಕೊನೆಯಲ್ಲಿ ಸ್ವಂತ ಹೆಸರನ್ನು ಬರೆಯದೆ ‘ಶ್ರೀ ವಿರೂಪಾಕ್ಷ’ ಎಂದು ಕನ್ನಡ ಅಕ್ಷರಗಳಲ್ಲಿ ಅಂಕಿತ ಹಾಕುತ್ತಿದ್ದರು. ರಾಜ್ಯವೇ ಆ ಸ್ವಾಮಿಯದು, ತಾವು ಅವನ ಪರವಾಗಿ ಆಳುವವರು ಎಂಬ ಭಾವ ಅದು.

ಹತ್ತನೆಯ ತರಗತಿಯ ಹುಡುಗನೊಬ್ಬ ಕೇಳಿದ: “ಬುದ್ಧೀ, ಲಕ್ಕಣ್ಣನವರು ಕವಿಗಳೋ ಅಧಿಕಾರಿಗಳೋ?” ಒಳ್ಳೆಯ ಪ್ರಶ್ನೆ. 1443ರಲ್ಲಿ ವಿಜಯನಗರಕ್ಕೆ ಬಂದ ಪಾರಸಿಕ ರಾಯಭಾರಿ ಅಬ್ದುಲ್ ರಜಾಕನು ‘ದಣಾಯಕ’ನೊಬ್ಬನು ಸಿಂಹಳದ ಕಡೆಗೆ ದಂಡಯಾತ್ರೆ ಹೋದುದನ್ನು ಬರೆದಿದ್ದಾನೆ. ಆ ದಣಾಯಕನು ಲಕ್ಕಣ್ಣನೇ ಎಂದು ಇತಿಹಾಸಕಾರರು ಗುರುತಿಸುತ್ತಾರೆ. ಅವನಿಗೆ ದಕ್ಷಿಣ ಸಮುದ್ರಾಧೀಶ್ವರನೆಂಬ ಬಿರುದೂ ಇತ್ತು. ಕೆರೆ ಕಾಲುವೆಗಳ ಲೆಕ್ಕ, ಸೈನ್ಯ, ಕಂದಾಯ, ಹಡಗು ಇವೆಲ್ಲದರ ನಡುವೆ ಷಟ್ಪದಿ ಬರೆದವನು. ಕಾಯಕ ಬಿಡದೆಯೂ ಬರೆಯಬಹುದೆಂದು ಆ ಹುಡುಗನಿಗೆ ಹೇಳಿದೆವು. ಅವನು ನಂಬಿದಂತೆ ಕಾಣಲಿಲ್ಲ.

ನಡಿಗೆಯ ಆರಂಭ ಊರೊಳಗಿನ ಆಂಜನೇಯ ದೇವಾಲಯದಿಂದ. ಇಲ್ಲಿನ ಹನುಮನನ್ನು ಅರ್ಜುನನು ಪ್ರತಿಷ್ಠಾಪಿಸಿದನೆಂಬುದು ಸ್ಥಳಪುರಾಣ. ಅಲ್ಲಿಂದ ತಲೆಯೆತ್ತಿದರೆ ಬಂಡೆಗಳ ಬೆಟ್ಟ, ಅದರ ಮೇಲೆ ಹಳೆಯ ಕೋಟೆಯ ಅವಶೇಷ. ಊರಲ್ಲೇ ಹೈದರ್ ವಲಿ ದರ್ಗಾ ಇದೆ. ಊರ ಹೊರಗಿನ ನರಸಿಂಹತೀರ್ಥದಲ್ಲಿ ಹರಿದಾಸ ಸಾಹಿತ್ಯದ ಹಿರಿಯರಾದ ಶ್ರೀಪಾದರಾಜರ ವೃಂದಾವನವಿದೆ. ತಿರುಪತಿಗೆ ನಡೆದುಹೋಗುತ್ತಿದ್ದ ಯಾತ್ರಿಕರು ಹಿಂದೆ ಈ ತೀರ್ಥದಲ್ಲಿ ಮಿಂದು ಮುಂದೆ ಸಾಗುವ ವಾಡಿಕೆಯಿತ್ತು. ಶೈವ, ವೈಷ್ಣವ, ಸೂಫಿ ನೆಲೆಗಳೆಲ್ಲ ಇಷ್ಟು ಹತ್ತಿರ ಕೂಡಿರುವುದಕ್ಕೆ ಕಾರಣ ಆ ದಾರಿಯೇ. ಬಾಗಿಲಿನಲ್ಲಿ ಎಲ್ಲರೂ ನಿಲ್ಲಲೇಬೇಕಲ್ಲ!

ಬೆಟ್ಟದ ಸುತ್ತಲಿನ ಈ ಬಂಡೆಗಳ ನಡುವೆ 1768ರ ಅಕ್ಟೋಬರ್ 4ರಂದು ಹೈದರಾಲಿಗೂ ಕರ್ನಲ್ ವುಡ್‌ನ ಇಂಗ್ಲಿಷ್ ಸೈನ್ಯಕ್ಕೂ ಘೋರ ಕಾಳಗ ನಡೆಯಿತು. ಇಂಗ್ಲಿಷರು ಸೋಲುವ ಹಂತದಲ್ಲಿದ್ದಾಗ, ಗಾಯಗೊಂಡಿದ್ದ ಕ್ಯಾಪ್ಟನ್ ಬ್ರೂಕ್ ಎಂಬಾತ ಸ್ವಲ್ಪ ಸೈನಿಕರೊಡನೆ ಎರಡು ಫಿರಂಗಿಗಳನ್ನು ಬಂಡೆಯೊಂದರ ಮೇಲಕ್ಕೆ ಸಾಗಿಸಿ, ಗುಂಡು ಹಾರಿಸುತ್ತ “ಸ್ಮಿತ್! ಸ್ಮಿತ್!” ಎಂದು ಕೂಗಿಸಿದನಂತೆ. ಸ್ಮಿತ್ ಎಂಬುವನು ಬೇರೆಡೆಯಿದ್ದ ಇನ್ನೊಂದು ದಂಡಿನ ನಾಯಕ. ಅವನೇ ಬಂದನೆಂದು ಭ್ರಮಿಸಿ ಮೈಸೂರಿನ ಪಡೆ ಹಿಂದೆ ಸರಿಯಿತೆಂದು ಮಾರ್ಕ್ ವಿಲ್ಕ್ಸ್ ತನ್ನ ಮೈಸೂರು ಇತಿಹಾಸದಲ್ಲಿ ಬರೆದಿದ್ದಾನೆ. ಮಕ್ಕಳು ಆ ದಿನವೆಲ್ಲ ಕಂಡ ಕಂಡ ಬಂಡೆ ಹತ್ತಿ ಸ್ಮಿತ್‌ನನ್ನು ಕರೆದರು.

ಡಿ.ವಿ.ಗುಂಡಪ್ಪನವರು 1887ರಲ್ಲಿ ಹುಟ್ಟಿದ್ದು ಇದೇ ಊರಿನಲ್ಲಿ. ಅವರ ‘ಜ್ಞಾಪಕ ಚಿತ್ರಶಾಲೆ’ಯನ್ನು ಓದಿಕೊಂಡು ಹೋದವರಿಗೆ ಬೀದಿಗಳು ಬೇರೆಯಾಗಿಯೇ ಕಾಣುತ್ತವೆ. ಆವಣಿಯ ರಾಮಲಿಂಗೇಶ್ವರ ಗುಡಿಗಳು, ಕುರುಡುಮಲೆಯ ಗಣಪತಿ ಒಂದೇ ದಿನದ ನಡಿಗೆಗೆ ನಿಲುಕುವುವಲ್ಲ. ಅವಕ್ಕೆ ಬೇರೆ ದಿನಗಳನ್ನೇ ಇಡಬೇಕು.

ಇಂಥ ನಡಿಗೆಗೆ ಏನು ಬೇಕು ಎಂದು ಕೆಲವು ಭಕ್ತರು ಕೇಳಿದ್ದಾರೆ. ಬಿ.ಎಲ್.ರೈಸ್ ಅವರು ಸಂಪಾದಿಸಿದ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಹತ್ತನೆಯ ಸಂಪುಟ ಒಂದಿದ್ದರೆ ಸಾಕು. ಕೋಲಾರ ಜಿಲ್ಲೆಯ ಶಾಸನಗಳ ಆ ಸಂಪುಟ ಪ್ರಕಟವಾದದ್ದು 1905ರಲ್ಲಿ. ತಾಲೂಕುವಾರು ಸಂಖ್ಯೆ ಕೊಟ್ಟು, ಪ್ರತಿಯೊಂದು ಕಲ್ಲೂ ಯಾವ ಹಳ್ಳಿಯ ಯಾವ ಗುಡಿಯ ಬಳಿ, ಯಾವ ಹೊಲದಲ್ಲಿ ಇತ್ತೆಂಬುದನ್ನು ಅದರಲ್ಲಿ ಗುರುತಿಸಿದ್ದಾರೆ. ಕನ್ನಡ ಲಿಪಿಯ ಪಾಠವೂ ಇದೆ. ಮಾಲೂರು, ಶ್ರೀನಿವಾಸಪುರ, ಕೋಲಾರ ತಾಲೂಕುಗಳ ಭಕ್ತರು ತಮ್ಮ ತಮ್ಮ ಊರಿನ ಪುಟ ತೆರೆದು ಹೊರಡಬಹುದು. ಶಾಸನದಲ್ಲಿ ಶಕ ವರ್ಷವಿದ್ದರೆ 78 ಕೂಡಿಸಿರಿ; ಶಕ 1353 ಎಂದರೆ ಕ್ರಿ.ಶ. 1431. ಮೇಲ್ಭಾಗದ ಸೂರ್ಯಚಂದ್ರರ ಅರ್ಥ, ಅವರಿರುವವರೆಗೆ ಈ ದಾನ ನಡೆಯಲಿ ಎಂದು.

ಕಲ್ಲು ಅಲ್ಲಿಯೇ ಇರುತ್ತದೆಯೇ ಎಂಬುದು ಬೇರೆ ಮಾತು. ಪುಸ್ತಕ ಹಿಡಿದು ಹೋದಾಗ ಮೂರು ಕಡೆ ನಮಗೆ ಕಲ್ಲು ಸಿಗಲಿಲ್ಲ. ಒಂದೆಡೆ ರಸ್ತೆ ಅಗಲವಾಗಿದೆ, ಇನ್ನೊಂದೆಡೆ ಹೊಲ ನಿವೇಶನವಾಗಿದೆ, ಮತ್ತೊಂದೆಡೆ ಹೇಳುವವರೇ ಇಲ್ಲ. ನಿಧಿಗಳ್ಳರ ಕಾಟವಂತೂ ಎಲ್ಲ ಕಡೆಯೂ ಇದೆ. ಒಂದು ಹಳ್ಳಿಯಲ್ಲಿ ನಾವು ಬಗ್ಗಿ ಕಲ್ಲು ನೋಡುತ್ತಿದ್ದುದನ್ನು ಕಂಡು ವೃದ್ಧೆಯೊಬ್ಬರು, “ಏನ್ ಸ್ವಾಮಿ, ನಿಧಿ ನೋಡೋಕೆ ಬಂದಿದೀರಾ?” ಎಂದು ನೇರವಾಗಿಯೇ ಕೇಳಿದರು. ಮಠದ ಮಕ್ಕಳೆಂದು ತಿಳಿದ ಮೇಲೆ ತಮ್ಮ ಹಿತ್ತಿಲಿನ ಬಟ್ಟೆ ಒಗೆಯುವ ಕಲ್ಲನ್ನು ತೋರಿಸಿದರು. ಅಂಚಿನಲ್ಲಿ ‘ಸ್ವಸ್ತಿ ಶ್ರೀ’ ಎಂಬಷ್ಟು ಸ್ಪಷ್ಟವಾಗಿತ್ತು. ಕೆಳಗಿನ ಸಾಲುಗಳು ತಲೆಮಾರುಗಳ ಒಗೆತದಲ್ಲಿ ಸವೆದುಹೋಗಿದ್ದವು. “ಅಕ್ಷರ ಐತೆ ಅಂತ ನಮ್ಮತ್ತೆ ಕಾಲದಿಂದ ಗೊತ್ತು ಸ್ವಾಮಿ. ಓದಿ ಹೇಳೋರು ಯಾರೂ ಬರಲಿಲ್ಲ” ಎಂದರು ಆ ತಾಯಿ. ಅವರನ್ನು ದೂರುವ ಬಾಯಿ ನಮಗಿರಲಿಲ್ಲ.

ಇಂಥ ಕಲ್ಲು ಕಂಡವರು ಅದಕ್ಕೆ ಎಣ್ಣೆ, ಬಣ್ಣ, ಸುಣ್ಣ ಬಳಿಯಬಾರದು. ಉಜ್ಜಬಾರದು, ಸ್ಥಳದಿಂದ ಕದಲಿಸಬಾರದು. ಬೆಳಗಿನ ಇಲ್ಲವೆ ಸಂಜೆಯ ಓರೆ ಬಿಸಿಲಿನಲ್ಲಿ ಅಕ್ಷರಗಳು ತಾವಾಗಿ ಎದ್ದು ಕಾಣುತ್ತವೆ. ಆಗ ಛಾಯಾಚಿತ್ರ ತೆಗೆದು, ಸ್ಥಳದ ಗುರುತು ಬರೆದು, ಗ್ರಾಮ ಪಂಚಾಯಿತಿಗೂ ರಾಜ್ಯದ ಪುರಾತತ್ತ್ವ ಇಲಾಖೆಗೂ ತಿಳಿಸಿರಿ. ಒಂದು ಪ್ರತಿಯನ್ನು ಶ್ರೀಮಠದ ಕಾರ್ಯಾಲಯಕ್ಕೆ ಕಳುಹಿಸಿದರೆ ಸಂಖ್ಯೆ ಹಾಕಿ ಸಂಗ್ರಹಿಸುತ್ತೇವೆ. ಆ ಹಿತ್ತಿಲಿನ ಕಲ್ಲೇ ನಮ್ಮ ಪಟ್ಟಿಯಲ್ಲಿ ಮೊದಲನೆಯದು. ಆ ತಾಯಿಗೆ ಒಗೆಯಲು ಬೇರೆ ಚಪ್ಪಡಿಯೊಂದನ್ನು ಮಕ್ಕಳೇ ಹೊತ್ತುತಂದು ಹಾಕಿಕೊಟ್ಟರು.