ಎರಡನೇ ಗೆರೆ ಏನು ಹೇಳುತ್ತದೆ?

ಫಲಿತಗೊಂಡ ಅಂಡ ಗರ್ಭಕೋಶದ ಒಳಪದರಕ್ಕೆ ಕಚ್ಚಿಕೊಳ್ಳಲು ಸುಮಾರು 6ರಿಂದ 10 ದಿನ ಬೇಕು. ಕಚ್ಚಿಕೊಂಡ ಮೇಲೆ ಅದರ ಹೊರಪದರದ ಕೋಶಗಳು ಎಚ್‌ಸಿಜಿ ಎಂಬ ಹಾರ್ಮೋನನ್ನು ತಾಯಿಯ ರಕ್ತಕ್ಕೆ ಬಿಡುತ್ತವೆ. ‘ಈ ಸಲ ಮುಟ್ಟು ಬರುವುದು ಬೇಡ, ಗರ್ಭ ನಿಂತಿದೆ’ ಎಂದು ಅಂಡಾಶಯಕ್ಕೆ ಸುದ್ದಿ ಮುಟ್ಟಿಸುವುದು ಅದರ ಕೆಲಸ. ಅದು ಮೂತ್ರದಲ್ಲೂ ಹೊರಬರುವುದರಿಂದಲೇ ಮನೆಯಲ್ಲಿ ಕೂತು ಪರೀಕ್ಷೆ ಮಾಡಿಕೊಳ್ಳಲು ಆಗುತ್ತದೆ.

ಇನ್ನು ಆ ಗರ್ಭ ಪರೀಕ್ಷೆಯ ಕಿಟ್. ಇದರ ಒಳಗಿನ ಜಾಣತನ ಎಷ್ಟು ಸಲ ವಿವರಿಸಿದರೂ ನನಗೆ ಬೇಸರ ಬಂದಿಲ್ಲ. ಗುಂಡಿಗೆ ಹಾಕಿದ ಮೂತ್ರದ ಹನಿ ಕಾಗದದ ಪಟ್ಟಿಯಲ್ಲಿ ಹರಿಯುವಾಗ, ಬಣ್ಣದ ಕಣ ಅಂಟಿಸಿಕೊಂಡ ಪ್ರತಿಕಾಯಗಳು ಅದರ ಜೊತೆ ಹೊರಡುತ್ತವೆ. ಎಚ್‌ಸಿಜಿ ಸಿಕ್ಕರೆ ಅದನ್ನು ಹಿಡಿದುಕೊಂಡೇ ಸಾಗುತ್ತವೆ. ‘ಟಿ’ ಎಂಬಲ್ಲಿ ಇನ್ನೊಂದು ಬಗೆಯ ಪ್ರತಿಕಾಯ ಪಟ್ಟಿಗೆ ಅಂಟಿ ಕೂತಿದೆ. ಅದು ಎಚ್‌ಸಿಜಿಯ ಬೇರೊಂದು ಭಾಗವನ್ನು ಹಿಡಿಯುತ್ತದೆ. ಹೀಗೆ ಎರಡೂ ಕಡೆಯಿಂದ ಹಿಡಿತ ಬಿದ್ದಾಗ ಮಾತ್ರ ಅಲ್ಲಿ ಬಣ್ಣ ಕೂಡಿ ಗೆರೆಯಾಗುತ್ತದೆ. ‘ಸಿ’ ಗೆರೆ ಹಿಡಿಯುವುದು ಬಣ್ಣದ ಪ್ರತಿಕಾಯವನ್ನೇ. ಹಾಗಾಗಿ ಬಸಿರಿರಲಿ, ಇಲ್ಲದಿರಲಿ, ಅದು ಮೂಡಲೇಬೇಕು. ಮೂಡದಿದ್ದರೆ ಕಿಟ್ ಕೆಟ್ಟಿದೆ, ಹೊಸದು ತೆಗೆದುಕೊಳ್ಳಿ.

ಜನ ಎಡವುವುದು ಫಲಿತಾಂಶ ಓದುವಾಗ. ಪೊಟ್ಟಣದಲ್ಲಿ ಹೇಳಿದ ಸಮಯದೊಳಗೆ ಮಸುಕಾಗಿ ಬಂದರೂ ಗೆರೆ ಗೆರೆಯೇ. ಗಂಟೆಗಟ್ಟಲೆ ಬಿಟ್ಟ ಮೇಲೆ, ಪಟ್ಟಿ ಒಣಗಿ ಕಾಣುವ ಬೂದು ಗೀಟಿಗೆ ಅರ್ಥವಿಲ್ಲ. ಇದಕ್ಕಿಂತ ದೊಡ್ಡ ತಪ್ಪು ತಿಳಿವಳಿಕೆ ಒಂದೇ ಗೆರೆ ಬಂದಾಗಿನದು. ಒಂದೇ ಗೆರೆ ಎಂದರೆ ‘ಗರ್ಭ ಇಲ್ಲ’ ಎಂದಲ್ಲ, ಪಟ್ಟಿಗೆ ಕಾಣುವಷ್ಟು ಎಚ್‌ಸಿಜಿ ಇವತ್ತಿನ ಮೂತ್ರದಲ್ಲಿಲ್ಲ ಎಂದಷ್ಟೇ. ಮೊದಲ ವಾರಗಳಲ್ಲಿ ಈ ಹಾರ್ಮೋನು ಎರಡು-ಮೂರು ದಿನಕ್ಕೊಮ್ಮೆ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ಆದ್ದರಿಂದ ಮುಟ್ಟಿನ ದಿನ ದಾಟಿದ ಮೇಲೆ, ಬೆಳಗಿನ ಮೊದಲ ಮೂತ್ರದಲ್ಲಿ ನೋಡಿ. ಆಗಲೂ ಒಂದೇ ಗೆರೆ ಬಂದು ಮುಟ್ಟು ಬಾರದಿದ್ದರೆ ಕೆಲವು ದಿನ ಬಿಟ್ಟು ಮತ್ತೆ ನೋಡಿ. ಸಕ್ಕರೆ, ಉಪ್ಪು, ಟೂತ್‌ಪೇಸ್ಟ್‌ಗೆ ಮೂತ್ರ ಬೆರೆಸಿ ನೋಡುವ ಪದ್ಧತಿ ಬಿಟ್ಟುಬಿಡಿ, ಅವು ಯಾವುವೂ ಎಚ್‌ಸಿಜಿಯನ್ನು ಗುರುತಿಸಲಾರವು.

ವಾರದ ಲೆಕ್ಕವೂ ಹಲವು ಮನೆಗಳಲ್ಲಿ ವಿನಾಕಾರಣ ಅನುಮಾನ ಹುಟ್ಟಿಸಿದೆ. ವೈದ್ಯರು ಎಣಿಸುವುದು ಕೊನೆಯ ಮುಟ್ಟಿನ ಮೊದಲ ದಿನದಿಂದ. ಅವರು ‘ಆರು ವಾರ’ ಎಂದರೆ ಗರ್ಭ ಕಟ್ಟಿ ಸುಮಾರು ನಾಲ್ಕೇ ವಾರ ಆಗಿರುತ್ತದೆ. ಗಂಡನೂ ಅತ್ತೆಯೂ ಇದನ್ನು ತಿಳಿದಿರಲೇಬೇಕು.

ಎರಡು ಗೆರೆ ಬಂದರೆ ಒಬ್ಬರೇ ಹೊತ್ತುಕೊಂಡು ಕೂರಬೇಡಿ. ‘ನಿಶ್ಚಯ್’ ಎಂಬ ಪರೀಕ್ಷೆಯ ಕಿಟ್ಟನ್ನು ಉಚಿತವಾಗಿ ಕೊಡುವ ಊರಿನ ಆಶಾ ಕಾರ್ಯಕರ್ತೆಗೆ ತಿಳಿಸಿ. ತಾಯಿ ಕಾರ್ಡ್ ಮಾಡಿಸಲೂ ಅವರೇ ನೆರವಾಗುತ್ತಾರೆ. ಮೊದಲ 12 ವಾರದೊಳಗೆ ಹೆಸರು ಬರೆಸಿ, ಫೋಲಿಕ್ ಆಮ್ಲದ ಮಾತ್ರೆ ಶುರು ಮಾಡಿ. ಮಗುವಿನ ಮಿದುಳು, ಬೆನ್ನುಹುರಿ ರೂಪುಗೊಳ್ಳುವುದು ಆ ಮೊದಲ ವಾರಗಳಲ್ಲೇ. ಗೆರೆ ಬಂದ ಮೇಲೆ ಕಿಬ್ಬೊಟ್ಟೆಯ ಒಂದು ಬದಿಯಲ್ಲಿ ತೀವ್ರ ನೋವು, ರಕ್ತಸ್ರಾವ, ತಲೆಸುತ್ತು ಕಂಡರೆ ಬೆಳಗಾಗಲಿ ಎಂದು ಕಾಯದೆ 108ಕ್ಕೆ ಕರೆ ಮಾಡಿ. ಗರ್ಭ ಅಂಡನಾಳದಲ್ಲೇ ಕೂತಿರಬಹುದು, ಅದು ಪ್ರಾಣಕ್ಕೇ ಅಪಾಯ.

ಗರ್ಭ ಬೇಡವಾಗಿದ್ದರೂ ವೈದ್ಯರ ಹತ್ತಿರವೇ ಹೋಗಿ, ಮೆಡಿಕಲ್ ಶಾಪಿನ ಮಾತ್ರೆಗೆ ಕೈ ಹಾಕಬೇಡಿ. 1971ರ ಗರ್ಭಪಾತ ಕಾಯ್ದೆಗೆ 2021ರಲ್ಲಿ ಬಂದ ತಿದ್ದುಪಡಿಯ ಪ್ರಕಾರ, ಕಾಯ್ದೆ ಹೇಳುವ ಕಾರಣಗಳಿದ್ದರೆ 20 ವಾರದವರೆಗೆ ಒಬ್ಬ ವೈದ್ಯರ ಅಭಿಪ್ರಾಯ ಸಾಕು. ಗರ್ಭನಿರೋಧಕ ವಿಫಲವಾದದ್ದೂ ಅಂಥ ಕಾರಣವೇ, ಮದುವೆ ಆಗಿರಲೇಬೇಕೆಂದಿಲ್ಲ. ಹದಿನೆಂಟು ತುಂಬಿದವಳಿಗೆ ಗಂಡನ ಸಹಿಯೂ ಅಪ್ಪನ ಸಹಿಯೂ ಬೇಕಿಲ್ಲ, ಅವಳ ಒಪ್ಪಿಗೆಯೇ ಒಪ್ಪಿಗೆ. ಹೆಸರು ಗುಟ್ಟಾಗಿರಬೇಕೆಂದೂ ಕಾನೂನು ಹೇಳುತ್ತದೆ. ಮನಸ್ಸು ಕುಸಿದಿದ್ದರೆ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡಬಹುದು.

ಎಚ್‌ಸಿಜಿಯ ಪಾಠ ದ್ವಿತೀಯ ಪಿಯುಸಿ ಜೀವಶಾಸ್ತ್ರದ ಪುಸ್ತಕದಲ್ಲಿದೆ. ಪರೀಕ್ಷೆಗೆಂದು ಉರುಹೊಡೆದು ಮರೆತವರು ಆ ಅಧ್ಯಾಯವನ್ನು ಮತ್ತೊಮ್ಮೆ ತೆರೆಯಿರಿ, ಗಂಡುಮಕ್ಕಳಂತೂ ತಪ್ಪದೆ ಓದಿ.